ಆನಿಯ ಮನೆಯ ಬಟ್ಟಲುಗಳು

ಉರ್ಕೆನ್ ಗ್ಯಾಲ್ಬು ದಯೆಯಿಲ್ಲದ ಮನುಷ್ಯ. ಇದು ಅವನನ್ನು ಕಂಡರಾಗದವರು ಹಬ್ಬಿಸಿದ ಮಾತಲ್ಲ, ಬೆದಿಂಗ್ ಊರಿನ ಎಲ್ಲ ಮನೆಯವರೂ ಒಪ್ಪಿದ ಮಾತು. ಹೆಂಡತಿ ಬದುಕಿದ್ದಷ್ಟು ದಿನ ಅವಳೇ ಎಲ್ಲರಿಗಿಂತ ಮೊದಲು ಹೇಳುತ್ತಿದ್ದಳು: "ನಮ್ಮೋನಿಗೆ ಚಮರಿ ಸತ್ರೂ ಒಂದೇ, ಮನುಷ್ಯ ಸತ್ರೂ ಒಂದೇ. ಇದರ ಹೊರೆ ಈಗ ಯಾರಿಗೆ ಹಂಚೋದು ಅಂತ ಕೇಳ್ತಾನೆ, ಅಷ್ಟೇ."

ಅವನಿಗೆ ಈಗ ಐವತ್ತೆಂಟು. ಹದಿಮೂರಕ್ಕೆ ಹಣೆಪಟ್ಟಿ ಕಟ್ಟಿ ಬುಟ್ಟಿ ಹೊತ್ತವನು, ಮೂವತ್ತಕ್ಕೆ ಸರ್ದಾರನಾದವನು. ಎಡಗಾಲಿನ ಮೂರು ಬೆರಳುಗಳನ್ನು ಹಿಮ ತಿಂದಿತ್ತು. ಹೊರಗಿನಿಂದ ಬರುವ ಗಿರಿಯಾತ್ರಿಕರಿಗೆ ದಾರಿ ಗೊತ್ತು ಮಾಡುವುದು, ಹೊರೆ ಕಟ್ಟಿಸುವುದು, ಆಳು ಆರಿಸುವುದು ಅವನ ಕೆಲಸ. ಯೋಜನೆಯನ್ನು ಅವನು ಕಾಗದದ ಮೇಲೆ ಬರೆಯುತ್ತಿರಲಿಲ್ಲ. ಮನೆಯ ಮುಂದಿನ ಚಪ್ಪಡಿಯ ಮೇಲೆ ಆಲೂಗಡ್ಡೆ ಜೋಡಿಸುತ್ತಿದ್ದ. ದಪ್ಪವು ಆಳುಗಳು, ಸಣ್ಣವು ಊಟ, ಕಪ್ಪು ಕಲ್ಲುಗಳು ಸೀಮೆಎಣ್ಣೆಯ ಡಬ್ಬಗಳು. ದಿನಕ್ಕೊಂದು ಗೆರೆ. ಗೆರೆಯಿಂದ ಗೆರೆಗೆ ಆಲೂಗಡ್ಡೆಗಳನ್ನು ಸರಿಸುತ್ತ, ಊಟ ಯಾವ ಗೆರೆಯಲ್ಲಿ ಮುಗಿಯುತ್ತದೆ, ಹಿಮನದಿಯ ಮೇಲೆ ಬೆಂಕಿ ಎಷ್ಟು ದಿನ ಉರಿಯುತ್ತದೆ, ಗಾಳಿ ಎದ್ದರೆ ಎಷ್ಟು ದಿನ ಕಾಯಬಹುದು, ಎಲ್ಲವನ್ನೂ ಕಣ್ಣಳತೆಯಲ್ಲೇ ನೋಡುತ್ತಿದ್ದ. ಕೊನೆಗೆ ದಪ್ಪ ಆಲೂಗಡ್ಡೆಯೊಂದನ್ನು ಎತ್ತಿ ಪಕ್ಕಕ್ಕಿಡುವನು. "ಇಲ್ಲಿ ಒಬ್ಬ ಬಿದ್ದ," ಅನ್ನುವನು. "ಹೊತ್ತು ಇಳಿಸೋಕೆ ನಾಕು ಜನ ಬೇಕು. ನಾಕು ಜನ ಹೋದ್ರೆ ಉಳಿದವರಿಗೆ ಹೊರೆ ಜಾಸ್ತಿ ಆಗ್ತದೆ. ಈ ಗೆರೆ ದಾಟಿದ ಮೇಲೆ ಬಿದ್ದವನನ್ನ ಹೊರೋಕಾಗಲ್ಲ. ಈಗ್ಲೇ ಕೇಳಿಸ್ಕೊಳ್ಳಿ." ಹೊರಡುವ ಮೊದಲೇ ಹೀಗೆ ಸಾವಿಗೆ ಜಾಗ ಗೊತ್ತು ಮಾಡುವ ಸರ್ದಾರ ಆ ಕಣಿವೆಯಲ್ಲಿ ಇನ್ನೊಬ್ಬನಿರಲಿಲ್ಲ.

ಆ ಗೆರೆ ಯಾವುದೆಂದು ಅದೇ ಊರಿನ ಯಾಂಗ್ಜಿನ್‌ಗೆ ಚೆನ್ನಾಗಿ ಗೊತ್ತಿತ್ತು. ಏಳು ವರ್ಷದ ಹಿಂದೆ ಅವಳ ಅಣ್ಣ ನಾರ್ಬು ಉರ್ಕೆನ್‌ನ ಗುಂಪಿನಲ್ಲಿ ತಾಶಿ ಲಾಪ್ಚಾ ಘಟ್ಟ ದಾಟಲು ಹೋಗಿದ್ದ. ಘಟ್ಟದ ಕೆಳಗಿನ ಹಿಮನದಿಯ ಮೇಲೆ ಉಸಿರು ಕಟ್ಟಿ ಕುಸಿದ. ಗಾಳಿ ಎದ್ದಿತ್ತು. ಉರ್ಕೆನ್ ಅವನನ್ನು ಬಂಡೆಯ ಮರೆಯಲ್ಲಿ ಕಂಬಳಿ ಸುತ್ತಿ ಕೂರಿಸಿ, ಒಲೆ ಹಚ್ಚಿ ಪಕ್ಕದಲ್ಲಿಟ್ಟು, ಉಳಿದವರನ್ನು ದಾಟಿಸಿದ. ಮೂರನೆಯ ದಿನ ಒಬ್ಬನೇ ಮರಳಿ ಬಂದಾಗ ಒಲೆ ಆರಿತ್ತು. ಊರಿಗೆ ಬಂದು ಯಾಂಗ್ಜಿನ್‌ಳ ಬಾಗಿಲಲ್ಲಿ ನಿಂತು ಅವನು ಹೇಳಿದ್ದು ಎರಡೇ ಮಾತು: "ನಿಮ್ಮಣ್ಣ ಏಳಲಿಲ್ಲ. ಹನ್ನೊಂದು ಜನ ಇಳಿದ್ರು." ಅವಳಿಗೆ ಅಳು ಬರುವ ಮೊದಲೇ ಅವನು ಹೊರಟುಹೋಗಿದ್ದ. ಅಂದಿನಿಂದ ಅವಳು ಅವನ ಮನೆಯ ಮುಂದಿನ ದಾರಿಯಲ್ಲಿ ನಡೆಯುವುದನ್ನು ಬಿಟ್ಟಿದ್ದಳು.

ಈ ವರ್ಷ ಆಲೂಗಡ್ಡೆಗೆ ಸತತ ಎರಡನೆಯ ಸಲ ಕಪ್ಪು ರೋಗ ಬಿತ್ತು. ಅಗೆದರೆ ಕೈಗೆ ಬರುತ್ತಿದ್ದುದು ಕೊಳೆತ ಲೋಳೆ. ಚಳಿಗಾಲಕ್ಕೆ ಮನೆಯಲ್ಲಿ ಏನೂ ಇಲ್ಲದಿದ್ದಾಗಲೇ ಪಟ್ಟಣದಿಂದ ಸುದ್ದಿ ಬಂತು: ಮೂವರು ಗಿರಿಯಾತ್ರಿಕರು ತಾಶಿ ಲಾಪ್ಚಾ ದಾಟಬೇಕಂತೆ, ಹನ್ನೆರಡು ಆಳು ಬೇಕು, ಸರ್ದಾರ ಉರ್ಕೆನ್.

ಯಾಂಗ್ಜಿನ್‌ಳ ಗಂಡ ಸೋನಾಮ್ ಅಂದೇ ಹಣೆಪಟ್ಟಿಗೆ ಬೆಣ್ಣೆ ತಿಕ್ಕತೊಡಗಿದ.

"ನೀನು ಹೋಗಲ್ಲ," ಅಂದಳು ಅವಳು.

"ಮತ್ತೇನು, ಕೊಳೆತ ಆಲೂಗಡ್ಡೆ ಬೇಯಿಸಿ ನಮ್ಮ ಹುಡುಗಿಯರಿಗೆ ಹಾಕ್ತೀಯಾ?"

"ಹೋದ ತಿಂಗಳು ಮೇಲಿನ ಹುಲ್ಲುಗಾವಲಿಂದ ಇಳಿದು ಬಂದಾಗ ಏನು ಉಗುಳಿದೆ, ಹೇಳು."

"ಕಫ."

"ಕೆಂಪಾಗಿತ್ತು. ನೊರೆ ಇತ್ತು. ಕಲ್ಲಿನ ಮೇಲೆ ನಾನೇ ನೋಡಿದೀನಿ. ನಾರ್ಬುಗೂ ಸಾಯೋ ಹಿಂದಿನ ವರ್ಷ ಹಾಗೇ ಆಗಿತ್ತು."

"ಕೆಳಗೆ ಬಂದ ಎರಡೇ ದಿನಕ್ಕೆ ಸರಿಹೋಯ್ತಲ್ಲ."

"ಕೆಳಗೆ ಬಂದಿದ್ದಕ್ಕೆ ಸರಿಹೋಯ್ತು ಕಣೋ. ಅಲ್ಲಿ ಮೇಲೆ ಕೆಳಗು ಎಲ್ಲಿರ್ತದೆ?"

ಸೋನಾಮ್ ಇನ್ನಷ್ಟು ಬೆಣ್ಣೆ ತೆಗೆದು ತಿಕ್ಕಿದ. ಹಟ ಹಿಡಿದ ಗಂಡಸು ಉತ್ತರ ಕೊಡುವುದಿಲ್ಲ, ಕೆಲಸ ಮಾಡಿಬಿಡುತ್ತಾನೆ.

ಯಾತ್ರಿಕರು ಊರು ತಲುಪಿ ಗುಂಪು ಹೊರಡಬೇಕಾದ ದಿನ ಪಂಚಾಂಗದಲ್ಲಿ ಕೆಟ್ಟದಾಗಿತ್ತು. ಮಠದ ಲಾಮಾ ಪುಟ ತಿರುವಿ, ಅದಕ್ಕೆ ಮೂರು ದಿನ ಮೊದಲಿನದು ಒಳ್ಳೆಯ ದಿನ ಅಂದರು. ಇಂಥ ಪೇಚಿಗೆ ಊರಿನಲ್ಲಿ ಹಳೆಯ ದಾರಿಯೊಂದುಂಟು. ಒಳ್ಳೆಯ ದಿನದಂದು ಹೋಗುವವನು ತಾನು ಕುಡಿಯುವ ಮರದ ಬಟ್ಟಲನ್ನು ಹೊಳೆಯಾಚೆಯ ಆನಿಯ ಮನೆಯಲ್ಲಿ ಇಟ್ಟು ಬರಬೇಕು. ಆನಿ ಎಂದರೆ ತಲೆ ಬೋಳಿಸಿಕೊಂಡ ಮುದಿ ಸನ್ಯಾಸಿನಿ ಛೋಕಿ. ಅವಳು ಬಟ್ಟಲಿಗೆ ಒಂದು ಹಿಡಿ ಜವೆಗೋಧಿ ಹಾಕಿ ಗೂಡಿನಲ್ಲಿಡುತ್ತಾಳೆ. ಅಲ್ಲಿಗೆ ಆ ಮನುಷ್ಯ ಹೊರಟಂತೆಯೇ ಲೆಕ್ಕ. ಮೈ ಮೂರು ದಿನ ತಡವಾಗಿ ಹೊರಡುತ್ತದೆ, ಅಷ್ಟೇ. ಆದರೆ ಇಟ್ಟ ಬಟ್ಟಲನ್ನು ಹಿಂದಕ್ಕೆ ತರುವಂತಿಲ್ಲ. ಹೊರಟವನನ್ನು ದಾರಿಯಿಂದ ಎಳೆದ ಹಾಗೆ. ತೆಗೆದವರ ಪಾಲಿಗೆ ಅವನ ಕೇಡೆಲ್ಲ ಬರುತ್ತದೆ, ಅದು ಬರುವುದು ಆ ಕಾಳಿನ ಮೂಲಕ. ಕಾಳನ್ನು ನೆಲಕ್ಕೆ ಚೆಲ್ಲುವಂತಿಲ್ಲ, ಹೊಳೆಗೆ ಬಿಡುವಂತಿಲ್ಲ. ತೆಗೆದವನೇ ಇಟ್ಟುಕೊಳ್ಳಬೇಕು. ಈ ಕಟ್ಟಳೆಯನ್ನು ಮುರಿದವರನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಆ ಒಳ್ಳೆಯ ದಿನದ ಮಧ್ಯಾಹ್ನ ಉರ್ಕೆನ್ ಆಳು ಆರಿಸಿದ. ಬಂದವರು ಮೂವತ್ತು ಜನ. ಎಲ್ಲರೂ ಮೂವತ್ತು ಕಿಲೋ ಹೊತ್ತು ಮಠದ ಮೇಲಿನ ದಿಬ್ಬ ಹತ್ತಿ ಇಳಿಯಬೇಕು. ಇಳಿದವನ ಅಂಗಿ ಎತ್ತಿಸಿ ಉರ್ಕೆನ್ ಬೆನ್ನಿಗೆ ಕಿವಿಯಿಡುತ್ತಿದ್ದ. ಹೆಂಗಸರು ಗೋಡೆಯ ಮೇಲೆ ಕೂತು ನೋಡುತ್ತಿದ್ದರು. ಏಳು ವರ್ಷದ ಮೇಲೆ ಯಾಂಗ್ಜಿನ್ ಆ ಅಂಗಳಕ್ಕೆ ಬಂದಿದ್ದಳು.

"ನನ್ನ ಬೆನ್ನಲ್ಲಿ ಏನು ಕೇಳಿಸ್ತು ಸರ್ದಾರ?" ಎಂದು ಗಿಡ್ಡ ಮಿಂಗ್ಯೂರ್ ಕೇಳಿದ.

"ಚಾಂಗ್. ನಿನ್ನೆ ಕುಡಿದಿದ್ದು ಇನ್ನೂ ಕುಲುಕ್ತಾ ಇದೆ. ನಡಿ, ನೀನು ಬರ್ತೀಯ."

ಎಲ್ಲರೂ ನಕ್ಕರು. ಉರ್ಕೆನ್ ನಗಲಿಲ್ಲ. ಹನ್ನೊಂದು ಜನ ಆದರು. ಹನ್ನೆರಡನೆಯವನಾಗಿ ಸೋನಾಮ್ ದಿಬ್ಬದಿಂದ ಇಳಿದು ಬಂದ. ಬಾಯಿ ಬಿಗಿಹಿಡಿದು ಮೂಗಿನಲ್ಲೇ ಉಸಿರಾಡುತ್ತಿದ್ದ. ಉರ್ಕೆನ್ ಬೆನ್ನಿಗೆ ಕಿವಿಯಿಟ್ಟ. ಉಳಿದವರಿಗೆ ಇಟ್ಟದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟ. ಆಮೇಲೆ ಅಂಗಿಯನ್ನು ತಾನೇ ಕೆಳಕ್ಕೆಳೆದು, "ಮನೆಗೆ ಹೋಗು," ಅಂದ.

"ಯಾಕೆ?"

"ಒಳಗೆ ನೀರಿದೆ. ಹೆಣ ಹೊರೋಕೆ ನನ್ನ ಹತ್ರ ಆಳಿಲ್ಲ."

ಚಪ್ಪಡಿಯತ್ತ ನಡೆದು ಒಂದು ದಪ್ಪ ಆಲೂಗಡ್ಡೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಗೋಡೆಯ ಮೇಲಿದ್ದ ಯಾಂಗ್ಜಿನ್‌ಗೆ ಜೀವ ಬಂದಂತಾಯಿತು. ಜನರ ಮುಂದೆ ಗಂಡನಿಗಾದ ಅವಮಾನ ಅವಳಿಗೆ ಆ ಗಳಿಗೆಯಲ್ಲಿ ಏನೂ ಅನ್ನಿಸಲಿಲ್ಲ.

ಸೋನಾಮ್ ಕದಲಲಿಲ್ಲ. "ನಾನು ಆಗಲೇ ಹೊರಟಾಗಿದೆ," ಅಂದ. "ಬೆಳಿಗ್ಗೇನೇ ಆನಿ ಮನೇಲಿ ಬಟ್ಟಲು ಇಟ್ಟು ಬಂದಿದೀನಿ."

ಆರಿಸುವ ಮೊದಲು ಬಟ್ಟಲಿಟ್ಟವರು ಹಿಂದೆ ಯಾರೂ ಇರಲಿಲ್ಲ. ಆನಿಗೆ ಕಣ್ಣು ಮಂಜು. ಸರ್ದಾರ ಕಳಿಸಿರಬೇಕು ಎಂದುಕೊಂಡು ಕಾಳು ಹಾಕಿಬಿಟ್ಟಿದ್ದಳು.

"ಕಳ್ಳತನ ಮಾಡಿದ ಹಾಗಾಯ್ತಲ್ಲೋ ಸೋನಾಮ್," ಅಂದ ಮಿಂಗ್ಯೂರ್. ಉರ್ಕೆನ್‌ನತ್ತ ತಿರುಗಿ, "ಆದ್ರೆ ಕಾಳು ಬಿತ್ತಲ್ಲ. ಇನ್ನು ಕರ್ಕೊಂಡು ಹೋಗ್ಲೇಬೇಕು, ಸರ್ದಾರ. ಇಲ್ದಿದ್ರೆ ನಾವ್ಯಾರೂ ಬರಲ್ಲ. ಹೊರಟವನನ್ನ ಬಿಟ್ಟು ಹೋಗೋದು ಎಲ್ಲರಿಗೂ ಕೇಡು."

ಉಳಿದವರು ತಲೆಯಾಡಿಸಿದರು. ಉರ್ಕೆನ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಜೇಬಿನಿಂದ ಆಲೂಗಡ್ಡೆ ತೆಗೆದು ಅದರ ಗೆರೆಯಲ್ಲಿ ಮತ್ತೆ ಇಟ್ಟ.

ಯಾಂಗ್ಜಿನ್ ಗೋಡೆಯಿಂದ ಇಳಿದು ಅವನೆದುರು ನಿಂತಳು. "ಉರ್ಕೆನಣ್ಣ, ಕೇಳಿಸ್ತು ಅಲ್ವಾ ನಿಂಗೆ? ನೀರಿದೆ ಅಂತ ನಿನ್ನ ಬಾಯಲ್ಲೇ ಅಂದೆ."

"ಅಂದೆ."

"ನಾರ್ಬು ಬೆನ್ನಲ್ಲೂ ಕೇಳಿಸಿತ್ತಾ?"

"ಕೇಳಿಸಿತ್ತು," ಅಂದ ಉರ್ಕೆನ್. ಬಗ್ಗಿ ಒಂದು ಕಪ್ಪು ಕಲ್ಲನ್ನು ನಾಲ್ಕನೆಯ ಗೆರೆಯಿಂದ ಐದನೆಯದಕ್ಕೆ ಸರಿಸಿದ.

ಆ ಸಂಜೆ ಸೋನಾಮ್ ಖುಷಿಯಾಗಿದ್ದ. ಗೆದ್ದವನಂತೆ ಹೆಣ್ಣುಮಕ್ಕಳಿಬ್ಬರಿಗೂ ಘಟ್ಟದಾಚೆಯ ಸಂತೆಯಿಂದ ಏನೇನು ತರುತ್ತೇನೆಂದು ಹೇಳುತ್ತ, ಹೇಳುವ ನಡುವೆ ಮೂರು ಸಲ ಕೆಮ್ಮಿದ. ಯಾಂಗ್ಜಿನ್ ಒಲೆಯ ಮುಂದೆ ಕೂತು ಮನಸ್ಸಿನಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಂಡಳು. ಬಟ್ಟಲನ್ನು ತಾನೇ ಹೋಗಿ ತರುತ್ತೇನೆ. ಕೇಡು ಬಂದರೆ ತನಗೆ ಬರಲಿ. ಬಟ್ಟಲು ಮನೆಗೆ ಬಂದವನನ್ನು ಆ ಹನ್ನೊಂದು ಜನವೇ ಬೇಡ ಅನ್ನುತ್ತಾರೆ. ತಾನು ಸತ್ತರೆ ಮಕ್ಕಳ ಗತಿಯೇನು ಎಂಬುದನ್ನೂ ಯೋಚಿಸಿದಳು. ಗಂಡ ಸತ್ತರೆ ತನ್ನ ಗತಿಯೇನು ಎಂಬುದು ಅದಕ್ಕಿಂತ ಸುಲಭವಾಗಿ ಕಣ್ಣಿಗೆ ಕಟ್ಟಿತು. ಅದನ್ನು ಅಣ್ಣನ ಹೆಂಡತಿಯಲ್ಲಿ ಏಳು ವರ್ಷದಿಂದ ನೋಡುತ್ತಿದ್ದಳು.

ಬೆಳಗಾಗುತ್ತಲೇ ನೀರಿನ ಕೊಡ ಹಿಡಿದು, ನೀರಿಗೆ ಹೋಗುವವಳಂತೆ ಹೊಳೆ ದಾಟಿದಳು. ಸೇತುವೆಯ ಹಲಗೆಗಳ ಮೇಲೆ ಮಂಜು ಗಟ್ಟಿಯಾಗಿತ್ತು. ಆನಿಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮುದುಕಿಯ ಏರುದನಿ ಕೇಳಿ ಯಾಂಗ್ಜಿನ್ ಹೊಸ್ತಿಲಾಚೆಯೇ ನಿಂತಳು.

"ಇಡು ಅಲ್ಲಿ. ಇಡು ಅಂದೆ. ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತೇನೋ ನಿಂಗೆ?"

"ಕೆಟ್ಟಿರಬೇಕು."

ಅದು ಉರ್ಕೆನ್‌ನ ದನಿ. ಅವನು ಗೂಡಿನ ಮುಂದೆ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಗೂಡಿನಲ್ಲಿ ಬಟ್ಟಲುಗಳು ಸಾಲಾಗಿದ್ದವು, ನಡುವೆ ಒಂದರ ಜಾಗ ಖಾಲಿ.

"ಅವತ್ತೂ ಹೀಗೇ ಬಂದಿದ್ದೆ," ಅಂದಳು ಆನಿ. "ನಾರ್ಬುದು ಹಿಂದಕ್ಕೆ ಕೊಡು ಅಂತ. ಧರ್ಮ ಅಲ್ಲ ಅಂದೆ ನಾನು. ನೀನು ಸುಮ್ಮನೆ ಹೋದೆ. ಇವತ್ತೂ ಅದನ್ನೇ ಹೇಳ್ತೀನಿ, ಕೇಳು."

"ಅವತ್ತು ನಿನ್ನ ಮಾತು ಕೇಳಿದೆನಲ್ಲ ಆನಿ. ನಾನು ಕೇಳಿದೆ, ಅವನು ಸತ್ತ. ನೀನು ಇವತ್ತಿಗೂ ಮೂರು ಹೊತ್ತು ಜಪ ಮಾಡ್ತಿದೀಯ."

ಮುದುಕಿಯ ಜಪಮಣಿ ಉರುಳುವ ಸದ್ದು ನಿಂತಿತು. "ಇನ್ನೆರಡು ದಿನಕ್ಕೆ ನೀನೂ ಘಟ್ಟ ಹತ್ತಬೇಕಲ್ಲೋ," ಅಂದಳು. "ಇದನ್ನ ತಗೊಂಡು ಆ ಮಂಜಿನ ಮೇಲೆ ಹೋಗ್ತೀಯಾ?"

"ಆಳುಗಳು ಹೋಗ್ಬೇಕು ಅಂದ್ರೆ ನಾನೂ ಹೋಗ್ಬೇಕು."

ತಿರುಗಿದಾಗ ಬಾಗಿಲಲ್ಲಿ ಯಾಂಗ್ಜಿನ್ ಕಂಡಳು. ಅವಳ ಕೈಯ ಖಾಲಿ ಕೊಡ, ಹೊಳೆಯ ದಂಡೆ ಬಿಟ್ಟು ಇಷ್ಟು ಮೇಲೆ ಹತ್ತಿ ಬಂದ ಕಾಲು, ಎರಡನ್ನೂ ಅವನು ನೋಡಿದ. ಅವಳು ಯಾಕೆ ಬಂದಿದ್ದಾಳೆಂದು ಹೇಳುವ ಅಗತ್ಯವಿರಲಿಲ್ಲ.

ಅವಳ ಬಾಯಲ್ಲಿ ಮಾತು ಬರುವಷ್ಟರಲ್ಲಿ ಅವನು ಎಂದಿನ ಗಡಸು ದನಿಯಲ್ಲಿ ಅಂದ: "ನಿನ್ನ ಗಂಡನ ಬಟ್ಟಲು ತಳದಲ್ಲಿ ಸೀಳಿದೆ. ಇಂಥ ಸಾಮಾನು ನನ್ನ ಗುಂಪಿಗೆ ಬೇಡ. ಹನ್ನೊಂದು ಜನ ಸಾಕು, ಅವನ ಹೊರೆ ನಾನು ಹೊರ್ತೀನಿ. ಯಾರು ತೆಗೆದ್ರು ಅಂತ ಊರು ಕೇಳಿದ್ರೆ ನನ್ನ ಹೆಸರು ಹೇಳು. ನಿನ್ನದು ಹೇಳಬೇಡ."

"ಕಾಳು," ಅಂದಳು ಯಾಂಗ್ಜಿನ್. ಕೈ ಚಾಚಿದಳು. "ಕಾಳು ನಂಗೆ ಕೊಡು, ಉರ್ಕೆನಣ್ಣ. ತೆಗೆಯೋಕೆ ಬಂದವಳು ನಾನು."

ಉರ್ಕೆನ್ ಅವಳ ಚಾಚಿದ ಕೈಯನ್ನು ಒಮ್ಮೆ ನೋಡಿದ. ಬಟ್ಟಲನ್ನು ತನ್ನ ಅಂಗೈಗೆ ಮಗುಚಿದ. ಕಾಳನ್ನೆಲ್ಲ ಬಾಯಿಗೆ ಹಾಕಿಕೊಂಡು, ಅಂಗೈಗೆ ಅಂಟಿದ್ದ ಎರಡನ್ನೂ ನಾಲಿಗೆಯಿಂದ ತೆಗೆದುಕೊಂಡು, ಬರಿದಾದ ಬಟ್ಟಲನ್ನು ಅವಳ ಕೊಡದೊಳಗೆ ಇಳಿಬಿಟ್ಟ. ಆಮೇಲೆ ಎಡಗಾಲನ್ನು ಸ್ವಲ್ಪ ಎಳೆಯುತ್ತ, ಗಟ್ಟಿ ಕಾಳನ್ನು ನಿಧಾನವಾಗಿ ಅಗಿಯುತ್ತ ಸೇತುವೆಯ ಕಡೆಗೆ ಇಳಿದು ಹೋದ.