ಫೋನು ಮುಚ್ಚಿಸಿದ ಖಾನಾವಳಿ

ಹಂಪಿಯಲ್ಲಿ ನಮ್ಮದೊಂದು ಖಾನಾವಳಿ ಇತ್ತು. ಮನೆಯ ಪಡಸಾಲೆಯೇ ಊಟದ ಜಾಗ. ರೊಟ್ಟಿ ಬಡಿಯುವುದು ನನ್ನ ಪಾಲು; ಪಲ್ಯ, ಮಾತು ಎರಡೂ ನನ್ನ ಗಂಡನ ಪಾಲು. ಇವರ ಮಾತು ಕೇಳಲಿಕ್ಕೆಂದೇ ಜನ ಇನ್ನೊಂದು ಲೋಟ ಮಜ್ಜಿಗೆ ಕೇಳುತ್ತಿದ್ದರು.

ಮೊದಲು ಆಟೋದವರು ಗಿರಾಕಿಗಳನ್ನು ಕರೆತರುತ್ತಿದ್ದರು. ಆಮೇಲೆ ಯಾರೋ ಪ್ರವಾಸಿಗರು ನಮ್ಮನ್ನು ಫೋನಿನ ಮ್ಯಾಪಿಗೆ ಸೇರಿಸಿ, ಹೊಗಳಿ ಬರೆದರು. ದಾರಿ ಕೇಳದೆಯೇ ಜನ ಬರತೊಡಗಿದರು. ನಮಗೂ ಕೊಬ್ಬು ಬಂತು. ಆಟೋದವರಿಗೆ ಕೊಡುತ್ತಿದ್ದ ಚಹಾ ನಿಂತಿತು. ಗಾಳಿಗೆ ಬಿದ್ದ ಬೋರ್ಡನ್ನು ಎತ್ತಿ ಕಟ್ಟಿರಿ ಎಂದರೆ ಇವರು, "ಬೋರ್ಡ್ ಯಾಕ ಬೇಕು? ಫೋನಿನ್ಯಾಗ ಅದೀವಲ್ಲ" ಎಂದು ನಕ್ಕರು. ನಾನೂ ನಕ್ಕೆ.

ಎಮ್ಮಿಗನೂರಿನಲ್ಲಿ ಅತ್ತೆ ತೀರಿಕೊಂಡಾಗ ಬೀಗ ಹಾಕಿ ಹೋದೆವು. ಕಾರ್ಯ ಮುಗಿಸಿ ಬಂದು ಒಲೆ ಹಚ್ಚಿದರೆ ಗಿರಾಕಿಗಳೇ ಇಲ್ಲ. ಒಂದು ದಿನ ಕಂಪ್ಲಿಯಿಂದ ನನ್ನ ಅಣ್ಣ ಫೋನ್ ಮಾಡಿ ರೇಗಿದ.

"ಖಾನಾವಳಿ ಮುಚ್ಚೀರಂತ. ತವರಮನಿಗೆ ಒಂದ್ ಮಾತ್ ಹೇಳಬಾರದೇನು?"

"ಯಾರಣ್ಣ ಹೇಳಿದ್ದು?"

"ಫೋನಿನ್ಯಾಗ ಐತಿ."

ನೋಡಿದರೆ ನಿಜ. ನಮ್ಮ ಹೆಸರಿನ ಕೆಳಗೆ ಕೆಂಪಕ್ಷರದಲ್ಲಿ ಬರೆದಿತ್ತು: ಶಾಶ್ವತವಾಗಿ ಮುಚ್ಚಲಾಗಿದೆ. ಬೀಗ ಕಂಡ ಯಾರೋ ಹಾಗೆ ತಿಳಿಸಿರಬೇಕು.

ತಿದ್ದಬೇಕೆಂದು ಬರೆದು ಕಳಿಸಿದೆ. ಪರಿಶೀಲಿಸುತ್ತಿದ್ದೇವೆ ಎಂಬ ಉತ್ತರ ಬಂತು. ಎಷ್ಟು ಸಲ ಕಳಿಸಿದರೂ ಅದೇ ಉತ್ತರ. ಜಗಳಕ್ಕೆ ನಾನು ಹಿಂಜರಿಯುವವಳಲ್ಲ. ಆದರೆ ಸೆರಗು ಸಿಕ್ಕಿಸಿ ನಿಲ್ಲೋಣವೆಂದರೆ ಎದುರಿಗೆ ಒಂದು ಮುಖವಾದರೂ ಬೇಡವೇ?

ಒಂದು ಮಧ್ಯಾಹ್ನ ಪ್ರವಾಸಿ ಗಂಡಹೆಂಡಿರಿಬ್ಬರು ನಮ್ಮ ಬಾಗಿಲ ಮುಂದೆಯೇ ನಿಂತರು. ಎಣ್ಣೆಗಾಯಿಯ ಘಮ ಬೀದಿಗೆ ಬಂದಿತ್ತು. ನನ್ನ ಗಂಡ ಸೌಟು ಹಿಡಿದೇ ಹೊರಗೆ ಹೋದರು.

"ಬರ್ರಿ, ಕುಂದ್ರಿ. ಬಿಸಿ ರೊಟ್ಟಿ ಐತಿ."

ಬಂದಾತ ಫೋನು ನೋಡಿದ, ಸೌಟು ನೋಡಿದ, ಮತ್ತೆ ಫೋನು ನೋಡಿದ. "ಇದು ಮುಚ್ಚಿದೆಯಂತಲ್ಲ?"

"ಇಲ್ರೀ, ತೆಗದೈತಿ. ನಾನೇ ಮಾಲಕ."

"ಹೌದಾ... ಇರಲಿ ಬಿಡಿ" ಎಂದು ಇಬ್ಬರೂ ಹೊರಟೇಹೋದರು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಉರಿಯುವ ಒಲೆಗೂ ಇನ್ನೊಬ್ಬರ ಪ್ರಮಾಣ ಬೇಕಾಯಿತಲ್ಲ ಎಂದು ನನಗೆ ಹೊಟ್ಟೆ ಉರಿಯಿತು.  ಅಂದಿನಿಂದ ಇವರ ಮಾತೇ ಕಡಿಮೆಯಾಯಿತು. ಆಟೋದವರ ಬಳಿ ಹೋದರೆ, "ಈಗ ನೆನಪಾತೇನ್ರಿ ಸಾವ್ಕಾರ್ರಿಗೆ?" ಎಂದು ಚುಚ್ಚಿದರು. ತಪ್ಪು ಅವರದಲ್ಲ.

ಕೊನೆಗೆ ಇವರಿಗೆ ಕುರೆಕುಪ್ಪದ ಹತ್ತಿರ ಕಾರ್ಮಿಕರ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ ಸಿಕ್ಕಿತು; ವಾಸವೂ ಅಲ್ಲೇ. ದೊಡ್ಡ ಒಲೆ, ಪಾತ್ರೆ ಎಲ್ಲ ಮಾರಿದೆವು. ಆ ಕ್ಯಾಂಟೀನಿನಲ್ಲಿ ಅಡುಗೆಮನೆ ಗೋಡೆಯ ಆಚೆ. ಉಣ್ಣುವವರ ಮುಖ ಕಾಣುವುದಿಲ್ಲವಂತೆ. ಅದನ್ನು ಒಂದೇ ಒಂದು ಸಲ ಹೇಳಿದರು.

ಕಳೆದ ವಾರ ಯಾರೋ ಬಾಗಿಲು ಬಡಿದರು. ಒಂದು ಕುಟುಂಬ, ಜೊತೆಗೆ ಬಿಸಿಲಿಗೆ ಬಾಡಿದ ಇಬ್ಬರು ಮಕ್ಕಳು. ಊಟ ಬೇಕೆಂದರು. ಮುಚ್ಚಿದ್ದೇವೆ ಎಂದೆ. ಆ ಹೆಂಗಸು ಫೋನನ್ನು ನನ್ನ ಮುಖಕ್ಕೇ ಹಿಡಿದಳು. ನಮ್ಮದೇ ಹೆಸರು, ಕೆಳಗೆ ಹಸಿರಿನಲ್ಲಿ: ತೆರೆದಿದೆ.

"ಇದರಲ್ಲಿ ತೆರೆದಿದೆ ಅಂತಿದೆಯಲ್ಲ!" ಎಂದಳು. ಸುಳ್ಳು ಹೇಳುತ್ತಿರುವವಳು ನಾನೇ ಎಂಬಂತಿತ್ತು ಆ ದನಿ. ಸಿಟ್ಟು ನೆತ್ತಿಗೇರಿತು. ಬಾಗಿಲು ಹಾಕಿಕೊಂಡೆ.

ಸಂಜೆ ಇವರು ಫೋನ್ ಮಾಡಿದಾಗ, ಮಕ್ಕಳನ್ನು ಕಟ್ಟಿಕೊಂಡು ಜನ ಊಟಕ್ಕೆ ಬಂದಿದ್ದರೆಂದು ಹೇಳಿದೆ. 

"ಸಣ್ಣ ಹುಡುಗ್ರು ಇದ್ದೂ ಅಂತಿ. ಉಣ್ಣಾಕ ಹಾಕಿದಿ ಹೌದಿಲ್ಲೋ?"

ಇಲ್ಲ ಅನ್ನಲು ಬಾಯಿ ಬರಲಿಲ್ಲ. "ಹಾಕಿದೆ ರೀ."

"ಪಲ್ಯ ಯಾವುದು?"

"ನಿಮ್ಮ ಎಣ್ಣೆಗಾಯಿ."

"ಏನಂದ್ರು?"

"ಭಾಳ ಮಸ್ತ್ ಐತಿ ಅಂದ್ರು."

ಅವರು ನಕ್ಕರು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದ್ದು. "ಮತ್ತ ಏನಂದ್ರು, ಹೇಳು" ಎಂದರು.