ಅತ್ತೆ ಮುಚ್ಚಿದ ತೂತು

ನಮ್ಮತ್ತೆ ಒಂದು ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ ಕೂತು ರಫು ಮಾಡುತ್ತಿದ್ದರು. ಸಿಗರೇಟಿನ ಕಿಡಿ ಬಿದ್ದ ಕೋಟು, ಮೊಳೆಗೆ ಸಿಕ್ಕಿದ ಪ್ಯಾಂಟು, ಹುಳ ತಿಂದ ಶಾಲು, ಎಲ್ಲ ಅವರ ಮಡಿಲಿಗೇ ಬರುತ್ತಿದ್ದವು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ನೇಯ್ದವನೇ ಮತ್ತೆ ಬಂದು ನೇಯ್ದನೇನೋ ಎನ್ನುವ ಹಾಗೆ ತೂತು ಮುಚ್ಚುವುದರಲ್ಲಿ ಅವರದು ಎತ್ತಿದ ಕೈ. ಮುಗಿದ ಮೇಲೆ ಬಟ್ಟೆಯನ್ನು ಎದುರಿಗಿದ್ದವರ ಮುಖಕ್ಕೆ ಹಿಡಿದು "ಎಲ್ಲಿತ್ತು ಹೇಳು?" ಎನ್ನುವುದು ಅವರ ಚಾಳಿ. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದೇನೆ. ಒಂದು ಸಲವೂ ಸಿಕ್ಕಲಿಲ್ಲ. ಸಿಕ್ಕಿದ್ದರೆ ಅತ್ತೆಯ ಮುಂದೆ ಸ್ವಲ್ಪ ಮೆರೆಯಬಹುದಿತ್ತು.

ಕಳೆದ ವರ್ಷ ಒಬ್ಬ ಗಿರಾಕಿ ಕೋಟನ್ನು ವಾಪಸ್ಸು ತಂದ. ಮುಚ್ಚಿದ ಜಾಗ ಕಾಣುತ್ತಿದೆ ಎಂದ. ಮಾಲೀಕರು ಬೈಯಲಿಲ್ಲ, "ಸಾಕಮ್ಮ, ಇನ್ನು ಆರಾಮಾಗಿ ಮನೇಲಿರಿ" ಎಂದರು. ಬೈದಿದ್ದರೇ ವಾಸಿಯಿತ್ತು. ಕಣ್ಣಿನ ಡಾಕ್ಟರೂ ಕೈಚೆಲ್ಲಿದ್ದರು: ಇರುವ ನೋಟ ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ. ಅತ್ತೆ ಸೂಜಿಡಬ್ಬಿಯನ್ನು ಕಪಾಟಿನ ಮೇಲಕ್ಕೆ ತಳ್ಳಿ, ಬಾಯಿಗೂ ಬೀಗ ಹಾಕಿಕೊಂಡರು. ನನ್ನ ಅಡುಗೆಯಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಆ ದಿನಗಳಲ್ಲೇ ಫೋನಿನಲ್ಲಿ ಪರದೆ ಬಟ್ಟೆ ಹುಡುಕುತ್ತಾ ಒಂದು ಪುಟ್ಟ ಆನ್‌ಲೈನ್ ಅಂಗಡಿಗೆ ಹೊಕ್ಕೆ. ಯಾರೋ ಒಬ್ಬ ಕಲಾವಿದೆ ತಾನೊಬ್ಬಳೇ ನಡೆಸುವ ಅಂಗಡಿ. ಹಳೇ ಬಟ್ಟೆ ತುಂಡುಗಳ ಮೇಲೆ ದಾರದ ಚಿತ್ರಗಳು. ಒಂದರ ಹಾಗೆ ಇನ್ನೊಂದಿಲ್ಲ. ಬೂದು ಉಣ್ಣೆ ಬಟ್ಟೆಯ ನಡುವೆ ಒಂದು ತೂತು, ಅದರ ಸುತ್ತ ಕೆಂಪು ಹೊಲಿಗೆಗಳು ಸುಳಿಸುಳಿಯಾಗಿ ಹರಡಿದ್ದ ಚಿತ್ರವನ್ನು ನೋಡಿ ಅಲ್ಲೇ ನಿಂತುಬಿಟ್ಟೆ. "ಕಿಟಕಿಗೆ ತೂಗುಹಾಕಿ" ಎಂದು ಕೆಳಗೆ ಬರೆದಿದ್ದಳು. ಯಾರಿಗೂ ಹೇಳದೆ ತರಿಸಿದೆ.

ಪಾರ್ಸೆಲ್ ಬಂದಾಗ ನಾನು ಕೆಲಸದಲ್ಲಿದ್ದೆ. ಮನೆಗೆ ಬಂದರೆ ಅತ್ತೆ ಕಿಟಕಿಯ ಪಕ್ಕ, ಮೂಗಿನ ತುದಿಯಲ್ಲಿ ಕನ್ನಡಕ, ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ.

"ಬಾ ಬಾ! ಪೋಸ್ಟಿನವರು ಹಾಳು ಮಾಡಿ ತಂದಿದ್ರು ಕಣೇ. ಮಧ್ಯದಲ್ಲೇ ಇಷ್ಟಗಲ ತೂತು! ನೀನು ಬೇಜಾರು ಮಾಡ್ಕೊಳ್ತೀಯಾಂತ ಕೂತು ಸರಿ ಮಾಡಿದೆ." ಬಟ್ಟೆಯನ್ನು ನನ್ನ ಮುಖಕ್ಕೆ ಹಿಡಿದರು. "ಎಲ್ಲಿತ್ತು ಹೇಳು?"

ಚಿತ್ರದ ಜೀವವೇ ಆ ತೂತು. ಅದಕ್ಕಿಂತ ಸಂಕಟವೆಂದರೆ, ಎಲ್ಲಿತ್ತು ಎಂದು ಮೊದಲನೇ ನೋಟಕ್ಕೇ ಕಾಣುತ್ತಿತ್ತು. ಎಳೆಗಳು ಗುಂಪುಗೂಡಿ ಬಟ್ಟೆ ಅಲ್ಲಿ ಮುದುರಿಕೊಂಡಿತ್ತು. ಸುಳ್ಳು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ನನ್ನ ಮುಖ ನಿಜ ಹೇಳಿಯಾಗಿತ್ತು.

"ಕಾಣ್ತಿದೆ ಅಲ್ವಾ?"

"ಕಾಣ್ತಿದೆ ಅತ್ತೆ. ಆದ್ರೆ ಅದು ಪೋಸ್ಟಿನವರು ಮಾಡಿದ್ದಲ್ಲ. ಮಾಡಿದವಳೇ ಬೇಕಂತ ಬಿಟ್ಟಿರೋ ತೂತು."

"ಬೇಕಂತ ಯಾರಾದ್ರೂ ತೂತು ಬಿಡ್ತಾರೇನೇ? ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅನ್ನೋದು ಕೇಳಿಲ್ವಾ?"

ಫೋನಿನಲ್ಲಿ ಆ ಕಲಾವಿದೆಯ ಅಂಗಡಿ ತೆರೆದು ಕೊಟ್ಟೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡರು. ನಾನು ಚಿತ್ರ ದೊಡ್ಡದು ಮಾಡುತ್ತಾ ಹೋದೆ. ಮೊಣಕೈ ಸವೆದ ಮಗುವಿನ ಸ್ವೆಟರು, ಸವೆದಲ್ಲೆಲ್ಲ ಹಳದಿ ದಾರ. ಇಸ್ತ್ರಿಪೆಟ್ಟಿಗೆ ಸುಟ್ಟ ಮೇಜುಬಟ್ಟೆ, ಸುಟ್ಟ ಗುರುತಿನ ಸುತ್ತ ನೀಲಿ ಅಂಚು. "ಇನ್ನೊಂದು ತೋರ್ಸು" ಎನ್ನುತ್ತಲೇ ಹೋದರು. ಬಡಿಸಿದ ಊಟ ಆರಿ ತಣ್ಣಗಾಯಿತು. ಕೊನೆಗೆ ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೇಳಿದರು: "ಹೊಲಿಗೆ ಸೊಟ್ಟಗಿದೆ. ಸೊಟ್ಟಗಿದೆ ಅಂತ ಅವಳಿಗೂ ಗೊತ್ತು. ಗೊತ್ತಿದ್ದೂ ಎಲ್ಲರ ಕಣ್ಣೆದುರಿಗೆ ಇಟ್ಟಿದ್ದಾಳಲ್ಲೇ! ಎಂಥ ಎದೆಗಾರಿಕೆ ಇವಳದ್ದು!"

ಮರುದಿನ ಬೆಳಿಗ್ಗೆ ತಾವು ಹಾಕಿದ್ದ ಎಳೆಗಳನ್ನು ತಾವೇ ಬಿಚ್ಚಿದರು, ಬೆರಳಲ್ಲಿ ತಡವಿ ತಡವಿ. ನಾನು ಕೈ ಹಾಕಲು ಹೋದರೆ ಗದರಿದರು. ಆಮೇಲೆ ಕಿಟಕಿಗೆ ತೂಗುಹಾಕಿದೆವು. ಬಿಸಿಲು ಆ ತೂತಿನಿಂದ ತೂರಿ ಬಂತು. ಅಂಚಿನ ಕೆಂಪು ದಾರಗಳೆಲ್ಲ ಒಳಗಿನಿಂದ ಹೊತ್ತಿಕೊಂಡ ಹಾಗೆ ಉರಿದವು. ನನ್ನ ಮೈ ಜುಮ್ಮೆಂದಿತು. ಫೋನಿನಲ್ಲಿ ನೋಡಿದ್ದು ಇದರ ಮುಂದೆ ಏನೂ ಅಲ್ಲ. ಅತ್ತೆ ಆ ಬೆಳಕಿಗೆ ಅಂಗೈ ಒಡ್ಡಿ ನಿಂತರು.

"ಅಯ್ಯೋ, ಇಷ್ಟು ಚಂದದ್ದನ್ನ ಮುಚ್ಚಿಬಿಟ್ಟಿದ್ನಲ್ಲೇ" ಎಂದರು. ಅವರ ಕಣ್ಣು ತುಂಬಿತ್ತು, ನನ್ನದೂ.

ಅದೇ ವಾರ ನನ್ನ ಗಂಡನ ಕೋಟಿನ ಮೊಣಕೈ ಹರಿಯಿತು. ಅತ್ತೆ ಅದನ್ನು ಕಿತ್ತುಕೊಂಡು, ದಪ್ಪ ಕೆಂಪು ದಾರವನ್ನು ನನ್ನಿಂದ ಪೋಣಿಸಿಕೊಂಡು, ಮಧ್ಯಾಹ್ನವೆಲ್ಲ ಹೊಲಿದರು. ನೋಡಿದ ಮಗರಾಯ ಹೌಹಾರಿದ.

"ಅಮ್ಮಾ! ಆಫೀಸಿಗೆ ಹಾಕ್ಕೊಂಡು ಹೋಗೋ ಕೋಟು ಇದು! ಬೀದಿ ಆ ತುದಿಯಿಂದಲೇ ಕಾಣುತ್ತೆ!"

"ಕಾಣ್ಲಿ" ಎಂದು ಅತ್ತೆ ಕೋಟನ್ನು ಅವನ ಹೆಗಲಿಗೇರಿಸಿದರು. "ಯಾರು ಹೊಲಿದಿದ್ದು ಅಂತ ಕೇಳಿದ್ರೆ, ನನ್ನ ಹೆಸರು ಹೇಳು."