ಕಂಪ್ಲಿಗೆ ನಡೆದು ಹೋದದ್ದು

ಅಸೂಯೆ ಆರೋಗ್ಯಕ್ಕೆ ಒಳ್ಳೆಯದೆಂದು ನನಗೆ ಗೊತ್ತಾದದ್ದು ಅರವತ್ತೇಳನೆಯ ವಯಸ್ಸಿನಲ್ಲಿ. ನನ್ನ ಹೆಂಡತಿಯ ತಮ್ಮ ತನ್ನ ಗೆಳೆಯರ ಜೊತೆ ಗೋಕರ್ಣದ ಕಡೆ ನಾಲ್ಕು ದಿನ ಕಡಲ ದಂಡೆಗುಂಟ ನಡೆದು ಫೋಟೊ ಕಳಿಸಿದ. ಒಂದೊಂದು ಫೋಟೊದಲ್ಲೂ ಅವನ ಹೊಟ್ಟೆ ಇನ್ನಷ್ಟು ಒಳಗೆ ಹೋದಂತೆ ಕಾಣುತ್ತಿತ್ತು. ಹೊಸಪೇಟೆಗೆ ಕಡಲಿಲ್ಲ, ನಿಜ. ಆದರೆ ತುಂಗಭದ್ರೆ ಇದ್ದಾಳೆ. ಪಕ್ಕದ ನೀರು ಉಪ್ಪೋ ಸಿಹಿಯೋ ಕಾಲಿಗೇನು ಗೊತ್ತು? ಮೊದಲ ದಿನ ಹಂಪಿ, ಎರಡನೆಯ ದಿನ ಕಂಪ್ಲಿ ಎಂದು ನಾನೂ ನಾಗರಾಜನೂ ತೀರ್ಮಾನಿಸಿದೆವು.

ನಾಗರಾಜ ಸಂಡೂರಿನ ಗಣಿಯಲ್ಲಿ ಫೋರ್‌ಮನ್ ಆಗಿದ್ದವನು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಮೂರನೆಯವನು ಬಟ್ಟೆ ಅಂಗಡಿಯ ಈರಣ್ಣ. ಎಂಟು ತಿಂಗಳ ಹಿಂದೆ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಡಾಕ್ಟರು ದಿನಾ ನಡೆಯಿರಿ ಎಂದಿದ್ದರೂ ಅವನು ಮನೆ ಬಿಟ್ಟು ಕದಲುತ್ತಿರಲಿಲ್ಲ. ನಾವು ಕೇಳಲು ಹೋದಾಗ ಅವನ ಹೆಂಡತಿ ಗೌರಮ್ಮ, "ಕರಕಂಡು ಹೋಗ್ರಿ ಮೇಷ್ಟ್ರ, ಮನ್ಯಾಗ ಕುಂತು ಫ್ಯಾನಿನ ರೆಕ್ಕಿ ಎಣಸ್ತಾರ" ಎಂದರು.

ಹೊರಟಾಗಿನಿಂದ ಈರಣ್ಣ ಎಡಗೈ ನಾಡಿಯ ಮೇಲೆ ಬಲಗೈ ಬೆರಳಿಟ್ಟುಕೊಂಡೇ ನಡೆದ. ಹಂಪಿಯಲ್ಲಿ ಒಬ್ಬ ವಿದೇಶಿ ಹೆಂಗಸು ಅದು ಯಾವುದೋ ಯೋಗಮುದ್ರೆ ಎಂದುಕೊಂಡು ಹತ್ತು ಹೆಜ್ಜೆ ತಾನೂ ಹಾಗೇ ನಡೆದಳು.

ಎರಡನೆಯ ದಿನ ಕಾಲುವೆ ಏರಿಯ ಮೇಲೆ ಹೊರಟೆವು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಹಳೆಯ ಕಲ್ಲು ಕಂಡರೆ ಬಾಯಿ ನಿಲ್ಲುವುದಿಲ್ಲ. ವಿಜಯನಗರದವರು ತೋಡಿದ ಕಾಲುವೆಗಳಲ್ಲಿ ಇಂದಿಗೂ ನೀರು ಹೇಗೆ ದಾರಿ ತಪ್ಪದೆ ಗದ್ದೆಗೆ ಹೋಗುತ್ತದೆ ಎಂದು ಕೈಯೆತ್ತಿ ವಿವರಿಸುತ್ತಿದ್ದಾಗ ನನ್ನ ಕಾಲು ದಾರಿ ತಪ್ಪಿ ಒಂದು ಗುಂಡಿಗೆ ಹೋಯಿತು. ಮೊಣಕಾಲು ತಿರುಚಿ ಅಲ್ಲೇ ಕುಸಿದೆ. ನಾಗರಾಜ ಜೋರಾಗಿ ಸೀಟಿ ಊದಿದ. ಎರಡು ಎಮ್ಮೆಗಳು ತಲೆಯೆತ್ತಿ ನೋಡಿದವು, ಅಷ್ಟೆ.

ದೂರದ ಬಾಳೆತೋಟದಿಂದ ಒಂದು ಟ್ರ್ಯಾಕ್ಟರ್ ಹೊರಡುತ್ತಿತ್ತು. "ಅಗಾ, ಗಾಡಿ ಹೊಂಟೈತಿ" ಎಂದ ಈರಣ್ಣ. ಆಮೇಲೆ ನಮಗೆ ಕಂಡದ್ದು ಅವನ ಬೆನ್ನು ಮಾತ್ರ. ಪಂಚೆ ಎತ್ತಿ ಕಟ್ಟಿ, "ಏ ತಮ್ಮಾ, ನಿಂದರ್ಸು" ಎಂದು ಕೂಗುತ್ತಾ ಬದುವಿನ ಮೇಲೆ ಓಡುತ್ತಿದ್ದ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನಲ್ಲೇ ಕೂತು ಬಂದಿಳಿದ.

ನಾಗರಾಜ ಮೆಲ್ಲಗೆ ಕೇಳಿದ, "ಈರಣ್ಣ, ನೀ ಓಡಿದ್ಯಲ್ಲಲೇ?"

ಈರಣ್ಣನ ಮುಖ ಬಿಳಚಿಕೊಂಡಿತು. ನನ್ನ ಪಕ್ಕದಲ್ಲೇ ಕುಳಿತು, ಕಣ್ಣು ಮುಚ್ಚಿ, ನಾಡಿ ಹಿಡಿದುಕೊಂಡ. ನನ್ನ ನೋವು ನನಗೆ ಮರೆತುಹೋಯಿತು. ಅವನನ್ನು ಹೊರಡಿಸಿದವರು ನಾವು. ಗೌರಮ್ಮನಿಗೆ ಏನು ಹೇಳುವುದು? ಡ್ರೈವರು ಏನೂ ತಿಳಿಯದಿದ್ದರೂ ಇಂಜಿನ್ ಆರಿಸಿ ನಿಂತ.

"ಐತಿ," ಎಂದ ಈರಣ್ಣ ಕೊನೆಗೆ. "ಭಾಳ ಜೋರೈತಿ. ಹಂಗಾರ ನಾ ಸತ್ತಿಲ್ಲ."

"ಸತ್ತಿದ್ರ ನಾವ ಹೇಳ್ತಿದ್ವಿ. ಏಳು, ಮೇಷ್ಟ್ರನ್ನ ಗಾಡಿಗೆ ಹತ್ತಸು," ಎಂದ ನಾಗರಾಜ. ಸೀಟಿಯನ್ನು ಜೇಬಿಗೆ ಹಾಕಲು ಹೋಗಿ ಎರಡು ಸಲ ನೆಲಕ್ಕೆ ಬೀಳಿಸಿದ.

ಹೀಗೆ ನಾನು ಬಾಳೆಗೊನೆಗಳ ನಡುವೆ ಕೂತು ಕಂಪ್ಲಿ ಸೇರಿದೆ. ಅವರಿಬ್ಬರೂ ಹಟ ಹಿಡಿದು ನಡೆದೇ ಬಂದರು. ಬಂದವನೇ ಈರಣ್ಣ ಮನೆಗೆ ಫೋನ್ ಮಾಡಿ, ಸಾಕ್ಷಿ ಹೇಳು ಎಂದು ನನ್ನ ಕೈಗೆ ಕೊಟ್ಟ.

"ಓಡಿದ್ದು ಖರೇನ ಅಕ್ಕ," ಎಂದೆ.

ಗೌರಮ್ಮ, "ಏನು ಬೆನ್ನತ್ತಿತ್ರಿ, ನಾಯೇನು?" ಎಂದು ಕೇಳಿದರು. ಆಮೇಲೆ ಬಹಳ ಹೊತ್ತು ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು.

ನನ್ನ ಮೊಣಕಾಲಿನ ಊತ ಇಳಿದು ತಿಂಗಳಾಯಿತು. ಆದರೂ ಮೆಟ್ಟಿಲು ಕಂಡರೆ ಎದೆ ಡವಗುಟ್ಟುತ್ತದೆ. ಈರಣ್ಣ ದಿನಾ ಬೆಳಿಗ್ಗೆ ಮೂರು ಕಿಲೋಮೀಟರು ನಡೆದು ಬಂದು, "ಹೆದರಬ್ಯಾಡ ಮೇಷ್ಟ್ರ, ಎಲ್ಲಾ ಮನಸಿನ್ಯಾಗ ಇರ್ತತಿ" ಎಂದು ಉಪದೇಶಿಸಿ, ಚಹಾ ಕುಡಿದು ಹೋಗುತ್ತಾನೆ. ನನಗನ್ನಿಸುತ್ತದೆ, ನಮ್ಮ ಮೂವರ ನಡುವೆ ಇರುವುದು ಒಂದೇ ಒಂದು ಹೆದರಿಕೆ. ಸದ್ಯ ಅದನ್ನು ನಾನು ಇಟ್ಟುಕೊಂಡಿದ್ದೇನೆ. ಉಳಿದಿಬ್ಬರು ಹಾಯಾಗಿ ಅಡ್ಡಾಡಿಕೊಂಡಿರಲಿ.